ಸಿಇಒ ಬದಲಾದ್ರ ನಿಂಗೇನಾಗ್ತದ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಕಲಬುರಗಿಯ ಮನೆಯಲ್ಲಿ ಕೂತು ಮಾಡುವ ನನಗೆ ನೆಂಟರೆಲ್ಲ ಕೇಳುವ ಪ್ರಶ್ನೆ ಇದು. ನಮ್ಮ ಕಂಪನಿಯ ಮುಖ್ಯಸ್ಥರು ಬದಲಾದಾಗ ಕಾಕಾ ನಕ್ಕೇಬಿಟ್ಟರು: "ಅವನ ಮಾರಿನೇ ನೋಡಿಲ್ಲ ನೀ. ಪಗಾರ ಬರ್ತದಲ್ಲೋ! ತಹಸೀಲ್ದಾರ್ ಬದಲಾದ್ರ ನಾವೇನ್ ಊಟ ಬಿಡ್ತೀವೇನು?"

ಊಟ ಬಿಡಲ್ಲ, ಸರಿ. ಆದರೆ ಹೊಸ ತಹಸೀಲ್ದಾರ್ ಬಂದು ಕೂರುವವರೆಗೆ ಫೈಲು ಮೇಜು ಬಿಟ್ಟು ಏಳಲ್ಲ, ಅಲ್ವಾ?

ನಮ್ಮಲ್ಲೂ ಹಾಗೇ. ಮೇಲ್ ಬಂದ ದಿನ ಯಾರೂ ಹೆಚ್ಚು ಮಾತಾಡಲ್ಲ. ಮುಂದಿನ ವಾರದಿಂದ ಶುರು. ಒಪ್ಪಿಗೆ ಸಿಕ್ಕಿದ್ದ ಹೊಸ ಹುದ್ದೆ ಹೋಲ್ಡ್. ಪ್ರಮೋಷನ್ ಕೇಳಿದರೆ 'ಸ್ವಲ್ಪ ತಡೀರಿ'. ಮ್ಯಾನೇಜರ್ ಜೊತೆಗಿನ ವಾರದ ಮೀಟಿಂಗ್ ಒಮ್ಮೆ ರದ್ದು, ಮತ್ತೊಮ್ಮೆ ರದ್ದು. ಪಾಪ, ಅವರಿಗೂ ಏನೂ ಗೊತ್ತಿರಲ್ಲ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲ್ಲ, ಅಷ್ಟೇ. ಅಷ್ಟರಲ್ಲಿ ಟೀಮಿನ ಚುರುಕು ಹುಡುಗಿ ಲಿಂಕ್ಡ್‌ಇನ್‌ನಲ್ಲಿ ಹೊಸ ಫೋಟೋ ಹಾಕುತ್ತಾಳೆ. ಯಾಕೆ ಅಂತ ಯಾರೂ ಕೇಳಬೇಕಿಲ್ಲ. ಮೊದಲು ಹೋಗುವವರು ಇಂಥವರೇ, ಬೇರೆ ಕಡೆ ಕೆಲಸ ಬೇಗ ಸಿಗುವವರು. ಉಳಿದವರ ತಲೆ ಮೇಲೆ ಅವರ ಕೆಲಸವೂ ಬೀಳುತ್ತದೆ.

ಊರಲ್ಲಿದ್ದು ದುಡಿಯುವ ನನ್ನಂಥವರ ಭಯ ಬೇರೆಯೇ. ಮರಿಸ್ಸಾ ಮೇಯರ್ 2012ರ ಜುಲೈನಲ್ಲಿ ಯಾಹೂ ಸಿಇಒ ಆದರು. 2013ರ ಫೆಬ್ರವರಿಯಲ್ಲಿ, ಮನೆಯಿಂದ ಕೆಲಸ ಮಾಡುವವರೆಲ್ಲ ಆಫೀಸಿಗೇ ಬರಬೇಕು ಅಂತ ಆದೇಶ ಹೊರಟಿತು. ಏಳೇ ತಿಂಗಳು! ಅಂಥದ್ದೊಂದು ಮೇಲ್ ನನಗೆ ಬಂದರೆ? ಮಕ್ಕಳ ಶಾಲೆ, ಅವ್ವನ ಔಷಧಿ, ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸು, ಎಲ್ಲಾ ಒಟ್ಟಿಗೆ ಕಣ್ಮುಂದೆ ಬರುತ್ತವೆ. 2024ರಿಂದ ವಂದೇ ಭಾರತ್ ಓಡುತ್ತಿದೆ, ನಿಜ. ಒಂದು ಕಡೆಗೇ ಎಂಟು ಗಂಟೆ ಮೀರುತ್ತದೆ. ದಿನಾ ಓಡಾಡೋಕಾಗುತ್ತಾ?

ಇದನ್ನು ಚೆನ್ನಾಗಿ ನಿಭಾಯಿಸಿದವರೂ ಇದ್ದಾರೆ. 2017ರ ಆಗಸ್ಟ್ 18ರಂದು ಇನ್ಫೋಸಿಸ್ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಕಂಪನಿ ಅದೇ ದಿನ ತನ್ನದೇ ಹಳಬ ಪ್ರವೀಣ್ ರಾವ್ ಅವರನ್ನು ಹಂಗಾಮಿ ಸಿಇಒ ಮಾಡಿತು. ಒಂದು ವಾರದೊಳಗೆ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. ಕಾಯಂ ಸಿಇಒ ಆಗಿ ಸಲೀಲ್ ಪಾರೇಖ್ ಬಂದದ್ದು 2018ರ ಜನವರಿಯಲ್ಲಿ. ಹೊರಗೆ ಜಗಳದ ಸುದ್ದಿ ಜೋರಾಗಿತ್ತು, ಆದರೆ ಖುರ್ಚಿ ಖಾಲಿ ಬಿಡಲಿಲ್ಲ. ನನ್ನ ಪ್ರಕಾರ ಜಾಣತನ ಇದ್ದದ್ದು ಅಲ್ಲೇ.

ಹಾಗಾಗಿ ಹೊಸ ಸಿಇಒ ಎಂಥವರು ಅಂತ ಗೂಗಲ್ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಮ್ಯಾನೇಜರ್‌ಗೆ ಫೋನ್ ಮಾಡಿ ನೇರವಾಗಿ ಕೇಳುತ್ತೇನೆ: ನಮ್ಮ ಪ್ರಾಜೆಕ್ಟ್ ಉಳಿಯುತ್ತಾ? ನಾನು ಕಲಬುರಗಿಯಲ್ಲೇ ಇರಬಹುದಾ? ಗೊತ್ತಿಲ್ಲ ಅಂದರೆ, ಯಾವಾಗ ಗೊತ್ತಾಗುತ್ತೆ? ಆ ಕೊನೆಯದಕ್ಕೆ ಒಂದು ತಾರೀಖು ಸಿಕ್ಕರೂ ಸಾಕು, ಅಲ್ಲಿಯವರೆಗೆ ರೆಸ್ಯೂಮೆ ಮುಟ್ಟಲ್ಲ.