ಅಜ್ಜಿಯ ಪಾದ ತುಳಿದ ಸಂಜೆ

ಕೆಲಸದ ಮೇಲೆ ಮೂರು ತಿಂಗಳು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿದ್ದಾಗ ಸಾನ್ ತೆಲ್ಮೊ ಬಡಾವಣೆಯ ಒಂದು ಟ್ಯಾಂಗೋ ತರಗತಿಗೆ ಸೇರಿದ್ದೆ. ಇಬ್ಬರು ತಬ್ಬಿ ಹಿಡಿದು ಕುಣಿಯುವ ಜೋಡಿ ನೃತ್ಯ ಅದು. ಟ್ಯಾಂಗೋದಲ್ಲಿ ಸಾಮಾನ್ಯವಾಗಿ ಗಂಡಸು ನಡೆಸುತ್ತಾನೆ. ಹೆಂಗಸು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತಾಳೆ. ನನಗೆ ಒಳಗೊಳಗೇ ಕಿರಿಕಿರಿ. ಕುಣಿಸಿದಂತೆ ಕುಣಿಯುವುದು ನಮ್ಮಲ್ಲಿ ಒಳ್ಳೆ ಮಾತಲ್ಲ, ಅಲ್ವಾ? ಅದಕ್ಕೇ ಇರಬೇಕು, ಜೊತೆಗಾರ ಅಲುಗುವ ಮೊದಲೇ ನಾನು ಊಹಿಸಿ ಕಾಲು ಎತ್ತಿಬಿಡುತ್ತಿದ್ದೆ. ‘ಎಸ್ಪೆರಾ’ ಎನ್ನುತ್ತಿದ್ದರು ಟೀಚರ್. ತಡಿ, ಅಂತ.

ಒಂದು ಗುರುವಾರ ಗಂಡಸರು ಕಡಿಮೆ ಬಂದಿದ್ದರು. ‘ಇವತ್ತು ನೀನು ನಡೆಸು’ ಎಂದರು ಟೀಚರ್. ನನಗೆ ಜೋಡಿಯಾಗಿ ಸಿಕ್ಕವರು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ದಿ ಸಾರ್ಲಿ ಎಂಬ ಹಳೆಯ ಟ್ಯಾಂಗೋ ಸಂಗೀತಗಾರರ ಆರ್ಕೆಸ್ಟ್ರಾದ ಹಾಡು ಶುರುವಾಯಿತು. ಧೈರ್ಯವಾಗಿ ಎಡಗಾಲು ಮುಂದಿಟ್ಟೆ. ನೇರ ಅವರ ಪಾದದ ಮೇಲೆ!

ಅವರ ಭಾರವೆಲ್ಲ ಬಲಗಾಲ ಮೇಲಿತ್ತು. ಆ ಕಾಲನ್ನು ಅವರು ಹಿಂದಕ್ಕೆ ತೆಗೆಯುವುದಾದರೂ ಹೇಗೆ? ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಜ್ಜಿ ನಕ್ಕರು. ನನ್ನನ್ನು ತಬ್ಬಿ ಹಿಡಿದುಕೊಂಡೇ ನಿಂತಲ್ಲಿ ಎಡಕ್ಕೆ, ಬಲಕ್ಕೆ ಮೆಲ್ಲಗೆ ತೂಗಿದರು. ಅವರು ಯಾವ ಕಾಲ ಮೇಲೆ ನಿಂತಿದ್ದಾರೆ ಎಂಬುದು ಎದೆಗೇ ಗೊತ್ತಾಗತೊಡಗಿತು. ಆಮೇಲಷ್ಟೇ ಹೊರಟೆವು.

ಅಜ್ಜಿ ಕಣ್ಣು ಮುಚ್ಚಿದ್ದರು. ಹಿಂದೆ ಗೋಡೆಯಿದೆಯೋ, ಇನ್ನೊಂದು ಜೋಡಿಯಿದೆಯೋ, ನೋಡಬೇಕಾದವಳು ನಾನೇ. ಓಚೊ ಬಂತು. ಹೆಂಗಸು ನೆಲದ ಮೇಲೆ 8 ಬರೆದ ಹಾಗೆ ತಿರುಗುತ್ತಾ ಹೆಜ್ಜೆ ಇಡುವುದು ಅದು. ಎದೆ ತಿರುಗಿಸಿ ಸೂಚನೆ ಕೊಟ್ಟೆ. ಇದಕ್ಕೆ ಅಲ್ಲಿ ‘ಮಾರ್ಕಾ’ ಎನ್ನುತ್ತಾರೆ. ಅಜ್ಜಿ ತಕ್ಷಣ ತಿರುಗಲಿಲ್ಲ. ಶೂ ತುದಿಯಿಂದ ನೆಲದ ಮೇಲೆ ಒಂದು ಸಣ್ಣ ಸುತ್ತು ಗೀಚಿದರು. ಅದನ್ನು ನಾನು ಹೇಳಿರಲಿಲ್ಲ, ಪಿಟೀಲು ಹೇಳಿತ್ತು. ಅವರ ಸುತ್ತು ಮುಗಿಯುವವರೆಗೂ ಸುಮ್ನೆ ನಿಂತೆ. ಕಾಯುವುದು ಹೆಂಗಸಿನ ಪಾಲಿನ ಕೆಲಸ ಎಂದುಕೊಂಡು ಇಷ್ಟು ದಿನ ಸಿಟ್ಟಾಗಿದ್ದೆನಲ್ಲ!

ನೂರು ವರ್ಷದ ಹಿಂದೆ ಈ ಊರಲ್ಲಿ ವಲಸೆ ಬಂದ ಗಂಡಸರೇ ಜಾಸ್ತಿ. ಅವರು ತಮ್ಮತಮ್ಮಲ್ಲೇ ಅಭ್ಯಾಸ ಮಾಡುತ್ತಿದ್ದರು. ಹೊಸ ಹುಡುಗರು ಮೊದಲು ಹೆಂಗಸಿನ ಹೆಜ್ಜೆ ಕಲಿಯಬೇಕಿತ್ತು, ನಡೆಸುವುದೆಲ್ಲ ಆಮೇಲೆ. ಎಷ್ಟು ಒಳ್ಳೆಯ ಪದ್ಧತಿ! ಮೊದಲ ದಿನವೇ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ನಿಲ್ಲಿಸಿ ಪಾತ್ರ ಹಂಚುವುದು ನನಗಂತೂ ತಪ್ಪೆನಿಸುತ್ತದೆ.

ಆ ಶನಿವಾರ ಮಿಲೊಂಗಾಗೆ ಹೋದೆ. ಎಲ್ಲರೂ ಸೇರಿ ಟ್ಯಾಂಗೋ ಕುಣಿಯುವ ಕೂಟ ಅದು. ಅಲ್ಲಿ ದೂರದಿಂದಲೇ ಕಣ್ಣಲ್ಲಿ ಕರೆಯುತ್ತಾರೆ. ಬೇಡವೆಂದರೆ ಬೇರೆ ಕಡೆ ನೋಡಿದರಾಯಿತು. ಒಬ್ಬರ ಜೊತೆ ಸಾಮಾನ್ಯವಾಗಿ ನಾಲ್ಕು ಹಾಡು. ಮೊದಲು ಸಿಕ್ಕವರು ತೋಳಿನಿಂದ ನನ್ನನ್ನು ತಳ್ಳುತ್ತಾ, ಎಳೆಯುತ್ತಾ ಇದ್ದರು. ಎರಡನೇ ಹಾಡು ಮುಗಿದಾಗ ‘ಗ್ರಾಸಿಯಾಸ್’ ಎಂದೆ. ಥ್ಯಾಂಕ್ಸ್, ಅಂತ. ನಡುವೆ ಹಾಗೆಂದರೆ ಇನ್ನು ಸಾಕು ಎಂದೇ ಅರ್ಥ. ಅಂಥ ಮಾತು ಬಾಯಿಂದ ಬಂದದ್ದು ಅದೇ ಮೊದಲು.

ಇನ್ನೊಬ್ಬರು ದೂರದಿಂದ ನೋಡಿದರು. ಆಗಲಿ ಎಂದು ತಲೆಯಾಡಿಸಿದೆ. ಮೂರನೇ ಹಾಡಿನಲ್ಲಿ ಓಚೊ ಬಂದಾಗ ಅಜ್ಜಿಯ ಹಾಗೆ ಶೂ ತುದಿಯಿಂದ ಒಂದು ಸುತ್ತು ಗೀಚಿದೆ.

ಅವರು ಕಾದರು.