ಟಿಸಿ ಜೊತೆಗೊಂದು ಚೀಟಿ

ಸ್ಕಾಲರ್‌ಶಿಪ್ ಕೆಲಸ ನಾನು ಕೇಳಿ ಪಡೆದದ್ದಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಬಂದು ಎರಡು ವಾರ ಆಗಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಹೆಚ್‌ಎಂ ಎಲ್ಲರ ಮುಖ ಒಂದು ಸಲ ನೋಡಿ, "ಮೇಡಂಗೆ ಕಂಪ್ಯೂಟರ್ ಬರುತ್ತೆ ಅಲ್ವಾ, ಸ್ಕಾಲರ್‌ಶಿಪ್ ಅವರೇ ನೋಡ್ಕೊಳ್ಳಲಿ" ಅಂದರು. ಉಳಿದವರು ಬೇಗಬೇಗ ತಲೆ ಆಡಿಸಿದರು. ಅಲ್ಲಿಂದ ಎಸ್‌ಎಸ್‌ಪಿ, ಎನ್‌ಎಸ್‌ಪಿ ಅನ್ನುವ ರಾಜ್ಯ, ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ಗಳು, ಎನ್‌ಎಂಎಂಎಸ್ ಪರೀಕ್ಷೆ, ಇನ್‌ಸ್ಪೈರ್ ಅವಾರ್ಡ್, ಕಂಪನಿಗಳಿಗೆ ಬರೆಯುವ ಪತ್ರ, ಎಲ್ಲ ನನ್ನ ಮೇಜಿಗೇ ಬಂದು ಬೀಳತೊಡಗಿದವು.

ಮೊದಲೆರಡು ವರ್ಷ ಈ ಕೆಲಸ ಅಂದರೆ ಹುಡುಕುವುದು ಅಂದುಕೊಂಡಿದ್ದೆ. ಯಾವ ಟ್ರಸ್ಟ್ ಕೊಡುತ್ತೆ, ಕೊನೆಯ ದಿನ ಯಾವುದು ಅಂತ ರಾತ್ರಿ ಕೂತು ಹುಡುಕಿ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ಹಾಕಿದ್ದು. ಯಾರಾದರೂ ಅರ್ಜಿ ಹಾಕಿದರೋ ಇಲ್ಲವೋ ನೋಡಲೇ ಇಲ್ಲ. ಹುಡುಕುವುದು ನಿಜಕ್ಕೂ ಕಷ್ಟ ಅಲ್ಲ. ದುಡ್ಡು ಸೋರಿಹೋಗುವುದು ಆಮೇಲೆ, ನಾವು ಯಾರೂ ನೋಡದ ಜಾಗದಲ್ಲಿ.

ಎನ್‌ಎಂಎಂಎಸ್, ಅಂದರೆ ಪರೀಕ್ಷೆ ಬರೆದು ಪಡೆಯುವ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ವಿಷಯವನ್ನೇ ತೆಗೆದುಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. 7ನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟರಿಗೆ 5 ಸಡಿಲಿಕೆ. ಪತ್ರಿಕೆ ಎರಡು: ಬುದ್ಧಿಶಕ್ತಿಯದು 90 ಪ್ರಶ್ನೆ, ಪಾಠದ್ದು 90 ಪ್ರಶ್ನೆ. ಆಯ್ಕೆಯಾದರೆ 9ನೇ ತರಗತಿಯಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ವಸತಿ ಶಾಲೆ ಮಕ್ಕಳಿಗೆ ಇದು ಸಿಗುವುದಿಲ್ಲ.

ನಮ್ಮ ಶಾಲೆಯಿಂದ ಮೊದಲ ಸಲ ಆಯ್ಕೆಯಾದವಳು ಒಬ್ಬ ಹುಡುಗಿ. ಮನೆಯಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಹುಳುಮನೆ. ಲಿಸ್ಟಿನಲ್ಲಿ ಹೆಸರು ಬಂದ ದಿನ ಪ್ರಾರ್ಥನೆ ಹೊತ್ತಿಗೆ ಚಪ್ಪಾಳೆ ಹೊಡೆಸಿದೆವು, ಹೆಚ್‌ಎಂ ಪೆನ್ನು ಕೊಟ್ಟರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

9ನೇ ತರಗತಿ ಮುಗಿಯುತ್ತಾ ಬಂತು, ದುಡ್ಡು ಬರಲಿಲ್ಲ. ಅವಳ ಅಮ್ಮ ಪಾಸ್‌ಬುಕ್ ಹಿಡಿದುಕೊಂಡು ಸ್ಕೂಲಿಗೇ ಬಂದರು. "ಮೇಡಂ, ಬ್ಯಾಂಕ್‌ನಲ್ಲಿ ಆಧಾರ್ ಲಿಂಕ್ ಆಗೈತೆ ಅಂತಾರೆ, ದುಡ್ಡು ಮಾತ್ರ ಇಲ್ಲ ಅಂತಾರೆ" ಅಂದರು. ಅವರ ಜೊತೆ ನಾನೂ ಹೋದೆ. ಕೌಂಟರಿನವರು ಹೇಳಿದ್ದು ಸುಳ್ಳೇನಲ್ಲ. ಆ ಖಾತೆಗೆ ಆಧಾರ್ ನಂಬರ್ ಸೇರಿಸಿದ್ದರು. ಆದರೆ ಸರ್ಕಾರದ ದುಡ್ಡು ಬರುವ ದಾರಿ ಬೇರೆ. ಬ್ಯಾಂಕುಗಳ ನಡುವೆ ಹಣ ದಾಟಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕಿನ ಹೆಸರಿರುತ್ತದೆ. ಕೊನೆಯದಾಗಿ ಯಾವ ಬ್ಯಾಂಕ್ ಅಲ್ಲಿ ಸೇರಿಕೊಂಡಿದೆಯೋ ಅಲ್ಲಿಗೇ ದುಡ್ಡು. ಪಾಸ್‌ಬುಕ್ಕಿನಲ್ಲಿ ಆಧಾರ್ ಇರುವುದು ಬೇರೆ, ಈ ಪಟ್ಟಿಗೆ ಸೇರುವ ಸೀಡಿಂಗ್ ಬೇರೆ. ಇಷ್ಟು ಸಣ್ಣ ವ್ಯತ್ಯಾಸ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು ನೋಡಿ.

ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಜಾಗ ಇದೆ. ಅದನ್ನು ನೋಡೋಣ ಅಂದರೆ ಒಟಿಪಿ ಹೋಗಿದ್ದು ಅವಳ ಸೋದರಮಾವನ ಹಳೇ ನಂಬರಿಗೆ. ಆ ಮಾವ ಬೆಂಗಳೂರಿನಲ್ಲಿ. ಪುಣ್ಯಕ್ಕೆ ಸಿಮ್ ಇನ್ನೂ ಇತ್ತು, ಫೋನಿನಲ್ಲೇ ಹೇಳಿದರು. ನೋಡಿದರೆ ಬೇರೆ ಯಾವುದೋ ಬ್ಯಾಂಕಿನ ಹೆಸರು. ಅಮ್ಮನಿಗೆ ಆಗ ನೆನಪಾಯಿತು: ಯಾವಾಗಲೋ ಊರಿಗೆ ಒಬ್ಬ ಹುಡುಗ ಮೆಷಿನ್ ತಂದು, ಅರಳಿಕಟ್ಟೆ ಮೇಲೆ ಕೂತು ಮಕ್ಕಳ ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ಮಾಡಿಕೊಟ್ಟು ಹೋಗಿದ್ದನಂತೆ. 12,000 ಅಲ್ಲಿ ತಣ್ಣಗೆ ಕೂತಿತ್ತು. ಅದನ್ನು ಬಿಡಿಸಿಕೊಳ್ಳಲು ಮೂರು ವಾರ ಓಡಾಡಿದೆವು.

ಅವತ್ತು ಒಂದು ಲಾಂಗ್ ಬುಕ್ ತಂದು ಗೆರೆ ಹೊಡೆದೆ. ಒಂದು ಮಗುವಿಗೆ ಒಂದು ಸಾಲು. ಸ್ಯಾಟ್ಸ್ (ಶಾಲಾ ದಾಖಲಾತಿಯ ಪೋರ್ಟಲ್) ನಂಬರ್, ಆಧಾರಿನಲ್ಲಿರುವ ಹೆಸರು, ಸ್ಯಾಟ್ಸಿನಲ್ಲಿರುವ ಹೆಸರು, ಜಾತಿ ಪತ್ರದ ಆರ್‌ಡಿ ನಂಬರ್, ಆದಾಯ ಪತ್ರದ ಆರ್‌ಡಿ ನಂಬರ್, ಅದು ಮುಗಿಯುವ ವರ್ಷ, ಸೀಡಿಂಗ್ ಆಗಿರುವ ಬ್ಯಾಂಕ್, ಒಟಿಪಿ ಬರುವ ಫೋನ್ ಯಾರ ಹತ್ತಿರ ಇದೆ. ಕೊನೆಯ ಕಾಲಂ ನೋಡಿ ಎಲ್ಲರೂ ನಕ್ಕರು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ.

ಹೆಸರಿನ ಕಾಲಂ ಎರಡು ಯಾಕೆ ಅಂದರೆ, ನಮ್ಮ ಕಡೆ ಇನಿಷಿಯಲ್ಲಿನದು ದೊಡ್ಡ ತಲೆನೋವು. ಸ್ಕೂಲಿನಲ್ಲಿ ಹೆಸರಿನ ಹಿಂದೆ ಅಕ್ಷರ, ಆಧಾರಿನಲ್ಲಿ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರು. ಮನೆಯಲ್ಲಿ ತೆಲುಗು, ಕಾಗದದಲ್ಲಿ ಕನ್ನಡ, ಪೋರ್ಟಲಿನಲ್ಲಿ ಇಂಗ್ಲಿಷ್. ಮೂರು ಭಾಷೆ ದಾಟುವಷ್ಟರಲ್ಲಿ ಒಂದು ಅಕ್ಷರ ಎಲ್ಲೋ ಉದುರಿ ಬಿದ್ದಿರುತ್ತದೆ. ಇದನ್ನು 8ನೇ ತರಗತಿಗೆ ಸೇರಿದ ತಿಂಗಳಲ್ಲೇ ಸರಿಮಾಡಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಅಂದರೆ ಅದೊಂದು ಪುರಾಣ.

ಕಾಗದ ಮಾಡಿಸುವುದಕ್ಕೂ ನಮ್ಮಲ್ಲಿ ಹೊತ್ತುಗೊತ್ತು ಇದೆ. ಒಂದು ವರ್ಷ ಆದಾಯ ಪತ್ರ ತನ್ನಿ ಅಂತ ಒಬ್ಬ ತಾಯಿಗೆ ಫೋನ್ ಮಾಡಿದೆ. "ಹುಳ ಹಣ್ಣಾಗ್ಬಿಟ್ಟವೆ ಮೇಡಂ, ಚಂದ್ರಿಕೆಗೆ ಬಿಡ್ತಾ ಇದೀವಿ. ಈಗ ನಾಡಕಚೇರಿ ಅಂದ್ರೆ ಹುಳ ಯಾರು ನೋಡ್ತಾರೆ?" ಅಂದರು. ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಹಣ್ಣಾದ ಹುಳ ಗೂಡು ಕಟ್ಟುವ ಚಂದ್ರಿಕೆಗೆ ಹೋಗಲು ಒಂದು ದಿನವೂ ಕಾಯುವುದಿಲ್ಲ. ಬೆಳೆ ಕೆಟ್ಟರೆ ಆಗುವ ನಷ್ಟದ ಮುಂದೆ ನನ್ನ ಸ್ಕಾಲರ್‌ಶಿಪ್ ಏನೂ ಅಲ್ಲ. ಈಗ ಮೊದಲೇ ಕೇಳುತ್ತೇನೆ, "ಎಷ್ಟನೇ ಜ್ವರ ಅಮ್ಮ?" ಅಂತ. ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ, ನಾಲ್ಕು ಜ್ವರ ಆದ ಮೇಲೆ ಗೂಡು. ಎರಡನೇ ಜ್ವರ ಅಂದರೆ ನಾಳೆಯೇ ನಾಡಕಚೇರಿಗೆ ಹೋಗಿ ಬನ್ನಿ ಅನ್ನುತ್ತೇನೆ. ನಾಲ್ಕನೇದು ಎದ್ದಿದೆ ಅಂದರೆ ಗೂಡು ಮಾರ್ಕೆಟ್ಟಿಗೆ ಹೋಗುವ ದಿನವೇ ಎರಡೂ ಕೆಲಸ ಮುಗಿಸಿ ಅನ್ನುತ್ತೇನೆ. ಆದಾಯ ಪತ್ರ 5 ವರ್ಷ ನಡೆಯುವುದರಿಂದ, 8ನೇ ತರಗತಿಯಲ್ಲಿ ಒಂದು ಸಲ ಮಾಡಿಸಿದರೆ ಪಿಯು ಮುಗಿಯುವವರೆಗೆ ಚಿಂತೆ ಇಲ್ಲ.

ಹುಳದ ಮಾತು ಬಂದಿದ್ದಕ್ಕೆ ಇನ್‌ಸ್ಪೈರ್ ಅವಾರ್ಡ್ ಕತೆಯನ್ನೂ ಹೇಳಿಬಿಡುತ್ತೇನೆ. ಮಕ್ಕಳ ಹೊಸ ಐಡಿಯಾ ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ, ಆಮೇಲೆ ಜಿಲ್ಲಾ ಮಟ್ಟದ ಪ್ರದರ್ಶನ. ಮೊದಲ ವರ್ಷ ನಾನೇ ಯೂಟ್ಯೂಬ್ ನೋಡಿ ಮಕ್ಕಳ ಕೈಲಿ ಬರೆಸಿದೆ: ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ, ಅಂಧರ ಕೋಲು, ಇಂಥವೇ. ಒಂದೂ ಆಯ್ಕೆಯಾಗಲಿಲ್ಲ. ದೇಶದ ಮೂಲೆಮೂಲೆಯಿಂದ ಅದೇ ಅಲಾರಂ ಹೋಗಿರುತ್ತೆ, ಇನ್ನೇನಾಗುತ್ತೆ? ಮುಂದಿನ ವರ್ಷ ಹಲಗೆ ಮೇಲೆ ಒಂದೇ ಪ್ರಶ್ನೆ ಬರೆದೆ: ನಿಮ್ಮ ಮನೆಯಲ್ಲಿ ಅಮ್ಮ ದಿನಾ ಗೊಣಗುವ ಕೆಲಸ ಯಾವುದು? ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಪುಡಿ ಹಾಕೋದು ಮಿಸ್" ಅಂದ. ಹುಳ ಜ್ವರದಿಂದ ಎದ್ದಾಗ ರೋಗ ಬರದಂತೆ ವಿಜೇತ ಅನ್ನುವ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತಾರೆ. ಮೂಗಿಗೆಲ್ಲ ಪುಡಿ. ಅವನು ಹಿಟ್ಟಿನ ಜರಡಿಗೆ ಉದ್ದ ಕೋಲು ಕಟ್ಟಿ, ಸೈಕಲ್ ಬ್ರೇಕ್ ವೈರ್ ಎಳೆದರೆ ಜರಡಿ ಅಲುಗಾಡುವ ಹಾಗೆ ಮಾಡಿದ್ದ. ಮನೆಯಲ್ಲಿ ಆಗಲೇ ಮಾಡಿಟ್ಟಿದ್ದ, ನಮಗೆ ಹೇಳಿರಲಿಲ್ಲ ಅಷ್ಟೇ. ಅದು ಆಯ್ಕೆಯಾಯಿತು. ಜಿಲ್ಲಾ ಮಟ್ಟದಿಂದ ಮುಂದೆ ಹೋಗಲಿಲ್ಲ, ಆದರೆ ಆ ಜರಡಿ ಈಗಲೂ ಅವರ ಮನೆಯಲ್ಲಿ ಕೆಲಸ ಮಾಡುತ್ತಿದೆ.

ಶಾಲೆಗೆ ದುಡ್ಡು ತರುವುದು ಇನ್ನೊಂದು ತರಹದ ಕೆಲಸ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ಬರುತ್ತದೆ. 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000, ಅದರಲ್ಲಿ ಶೇ. 10 ಸ್ವಚ್ಛತೆಗೆ. ಸೀಮೆಸುಣ್ಣದಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಅದರಲ್ಲೇ ಆಗಬೇಕು. ಹಾಗಾಗಿ ಪಕ್ಕದ ನರಸಾಪುರ, ವೇಮಗಲ್ ಕಡೆಯ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆ) ಹಣಕ್ಕೆ ಕೈ ಹಾಕಿದೆವು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಶೇ. 2 ಇಂಥ ಕೆಲಸಕ್ಕೆ ಕೊಡಬೇಕು, ಅದು ಎಲ್ಲರಿಗೂ ಗೊತ್ತು. ನನ್ನ ಮೊದಲ ಪತ್ರ "ಮಾನ್ಯರೇ, ನಮ್ಮದು ಗ್ರಾಮೀಣ ಬಡ ಮಕ್ಕಳ ಶಾಲೆ" ಅಂತ ಶುರುವಾಗಿ ಎರಡು ಪುಟ ಇತ್ತು. ಉತ್ತರವೇ ಬರಲಿಲ್ಲ. ಎರಡನೆಯದು ಅರ್ಧ ಪುಟ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವ ಪರೀಕ್ಷಾ ವರದಿ, ಮಕ್ಕಳ ಸಂಖ್ಯೆ, ಶಾಲೆಯ ಯು-ಡೈಸ್ ಕೋಡ್, ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ನಡಾವಳಿ, ಜಾಗದ ಫೋಟೋ, ಒಂದು ಕೊಟೇಷನ್. ಹದಿನೈದು ದಿನದಲ್ಲಿ ಫೋನ್ ಬಂತು.

ನೀರಿನ ಘಟಕ ಬಂತು, ರಿಬ್ಬನ್ ಕತ್ತರಿಸಿದರು, ಫೋಟೋ ಆಯಿತು. ಒಂದು ವರ್ಷಕ್ಕೆ ಫಿಲ್ಟರ್ ಹೋಯಿತು. ಹೊಸದು ಹಾಕಿಸುವ ಖರ್ಚು ಕೇಳಿ ಹೆಚ್‌ಎಂ ಸುಮ್ಮನಾದರು. ಘಟಕದ ಮೇಲೆ ಕೆಲವು ತಿಂಗಳು ಮಕ್ಕಳು ಬ್ಯಾಗ್ ಇಡುತ್ತಿದ್ದರು. ಈಗ ಏನೇ ಕೇಳಿದರೂ ಮೂರು ವರ್ಷದ ನಿರ್ವಹಣೆ ಸೇರಿಸಿಯೇ ಕೇಳುತ್ತೇನೆ. ಅದಕ್ಕೆ ಒಪ್ಪದಿದ್ದರೆ ಬೇಡ ಅನ್ನುವ ಧೈರ್ಯವೂ ಬಂದಿದೆ.

ಶಿಕ್ಷಕರ ಪ್ರಶಸ್ತಿ ಬಗ್ಗೆ ಜಾಸ್ತಿ ಹೇಳಲಾರೆ, ನನಗೆ ಬಂದಿಲ್ಲ. ರಾಷ್ಟ್ರ ಪ್ರಶಸ್ತಿಗೆ 2018ರಿಂದ ನಮ್ಮ ಅರ್ಜಿ ನಾವೇ ಹಾಕಿಕೊಳ್ಳಬಹುದು. ನಮ್ಮ ಕನ್ನಡ ಮೇಷ್ಟ್ರು ನಿಜವಾಗಿ ಅದಕ್ಕೆ ತಕ್ಕವರು. ಹಾಕಿ ಅಂದರೆ, "ನನ್ನ ಬಗ್ಗೆ ನಾನೇ ಬರ್ಕೊಳ್ಳೋದಾ, ಛೆ" ಅಂದರು. ಅವರ ಹತ್ತಿರ ಇಪ್ಪತ್ತು ವರ್ಷದ ಕೆಲಸ ಇದೆ, ಅದರದ್ದು ಒಂದು ಫೋಟೋ ಇಲ್ಲ. ಈಗ ಅವರಿಗೆ ಗೊತ್ತಾಗದ ಹಾಗೆ ನಾನೇ ತೆಗೆದಿಡುತ್ತಿದ್ದೇನೆ.

ಇನ್ನು ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಲಾಂ, ವಾಜಪೇಯಿ ಹೆಸರಿನಲ್ಲಿ 75 ಪರ್ಸೆಂಟ್‌ಗೆ 10,000 ಅನ್ನುವ ಮೆಸೇಜ್ ಓಡಾಡುತ್ತದೆ. ಅದು ಸುಳ್ಳು. ಎನ್‌ಟಿಎಸ್‌ಇ ಪ್ರತಿಭಾನ್ವೇಷಣೆ ಪರೀಕ್ಷೆ ಬಗ್ಗೆಯೂ ಕೇಳುತ್ತಾರೆ, ಅದು 2021ರಿಂದ ನಿಂತಿದೆ. ಸ್ಕಾಲರ್‌ಶಿಪ್ ಕೊಡಲು ಮೊದಲು ದುಡ್ಡು ಕಟ್ಟಿ ಅಂದವರ ಫೋನ್ ಅಲ್ಲೇ ಇಟ್ಟುಬಿಡಿ.

ಆ ಹುಡುಗಿ ಕತೆ ಅರ್ಧಕ್ಕೆ ಬಿಟ್ಟೆ. 10ನೇ ತರಗತಿಯಲ್ಲಿ ದುಡ್ಡು ಸರಿಯಾಗಿ ಬಂತು. ಶೇ. 60 ಬಂದರೆ ಪಿಯುಗೂ ಮುಂದುವರಿಯುತ್ತದೆ, ಅವಳಿಗೆ 88 ಬಂದಿತ್ತು. ಟಿಸಿ ತೆಗೆದುಕೊಂಡು ಬೇರೆ ಊರಿನ ಪಿಯು ಕಾಲೇಜಿಗೆ ಸೇರಿದಳು. ಎನ್‌ಎಸ್‌ಪಿಯಲ್ಲಿ ಪ್ರತಿ ವರ್ಷ ನವೀಕರಣ ಮಾಡಬೇಕು, ಕಾಲೇಜು ಬದಲಾದರೆ ಹೊಸ ಕಾಲೇಜಿನವರೇ ತಮ್ಮ ಲಾಗಿನ್ನಿನಲ್ಲಿ ಪರಿಶೀಲಿಸಬೇಕು. ಇದು ನನಗೆ ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಹೊಸ ಕಾಲೇಜಿನವರಿಗೆ ಅವಳು ಎನ್‌ಎಂಎಂಎಸ್ ಮಗು ಅನ್ನುವುದೇ ಗೊತ್ತಿರಲಿಲ್ಲ. ಜಾತ್ರೆಯಲ್ಲಿ ಸಿಕ್ಕಾಗ ಕೇಳಿದೆ, "ಈ ಸಲದ್ದು ಬಂತಾ?" "ಹೈಸ್ಕೂಲಿಗೆ ಮುಗೀತಲ್ವಾ ಮಿಸ್?" ಅಂದಳು. ಕೊನೆಯ ದಿನ ದಾಟಿ ಎರಡು ತಿಂಗಳಾಗಿತ್ತು. ಆ ವರ್ಷದ 12,000 ಹೋಯಿತು. ಅದು ಯಾವ ಬ್ಯಾಂಕಿನ ತಪ್ಪೂ ಅಲ್ಲ, ನನ್ನದು.

ಈಗ ಟಿಸಿ ಕೊಡುವ ದಿನ ನಾನು ಆಫೀಸಿನಲ್ಲೇ ಕೂರುತ್ತೇನೆ. ಎನ್‌ಎಂಎಂಎಸ್ ಮಕ್ಕಳ ಟಿಸಿಗೆ ಒಂದು ಚೀಟಿ ಪಿನ್ ಮಾಡುತ್ತೇನೆ. ಅದರಲ್ಲಿ ಅರ್ಜಿ ನಂಬರ್, ಬ್ಯಾಂಕ್, ಒಟಿಪಿ ಫೋನ್, "ಕಾಲೇಜಿನ ಸ್ಕಾಲರ್‌ಶಿಪ್ ನೋಡುವವರಿಗೆ ಮೊದಲ ವಾರವೇ ತೋರಿಸು" ಅನ್ನುವ ಒಂದು ಸಾಲು, ಕೆಳಗೆ ನನ್ನ ನಂಬರ್ ಇರುತ್ತದೆ. ನಮ್ಮ ಆಫೀಸಿನ ಎಸ್‌ಡಿಎ ಗುಮಾಸ್ತರು ಪಿನ್ ಡಬ್ಬಿ ಮುಂದೆ ತಳ್ಳುತ್ತಾ, "ಮೇಡಂ, ಇದೂ ಸರ್ಕಾರಿ ನಮೂನೆನಾ?" ಅಂತ ರೇಗಿಸುತ್ತಾರೆ. ಈ ಸಲ ನಾಲ್ಕು ಚೀಟಿ ಹೋಗಿವೆ. ಮೂವರು ಫೋನ್ ಮಾಡಿದ್ದಾರೆ. ನಾಲ್ಕನೆಯವನ ಮನೆಗೆ ಭಾನುವಾರ ಹೋಗಬೇಕು. ಅವರದ್ದು ಈಗ ಮೂರನೇ ಜ್ವರ ಅಂತೆ, ಸಿಗುತ್ತಾರೆ.