ಬಾಗಿಲ ಪಕ್ಕದ ಟೇಬಲ್

2021ರ ಜೂನ್ 21, ಸೋಮವಾರ. ಪೇಪರ್ ಓದಿ ಮುಗಿಸಿದ ಅಪ್ಪ ಅದನ್ನು ನಾಲ್ಕಾಗಿ ಮಡಚಿ ನನ್ನ ಲ್ಯಾಪ್‌ಟಾಪ್ ಮೇಲೆ ಇಟ್ಟು ಹೋದರು. ಏನೂ ಹೇಳಲಿಲ್ಲ. ಕಣ್ಣಿಗೆ ಬೀಳಬೇಕಾದ ಸುದ್ದಿ ಮೇಲೇ ಇತ್ತು. ಇವತ್ತಿನಿಂದ ಹೋಟೆಲುಗಳಲ್ಲಿ ಕೂತು ತಿನ್ನಬಹುದು, ಸಂಜೆ 5ರವರೆಗೆ, ಅರ್ಧ ಸೀಟು ಮಾತ್ರ, ಎಸಿ ಹಾಕುವ ಹಾಗಿಲ್ಲ.

ಅಪ್ಪನಿಗೆ ಆಗ 73. ಪೋಸ್ಟಾಫೀಸಿನಿಂದ ರಿಟೈರ್ ಆದ ದಿನದಿಂದ ಅವರಿಗೆ ಒಂದೇ ಅಭ್ಯಾಸ. ಬೆಳಗ್ಗೆ ವಾಕಿಂಗ್ ಮುಗಿಸಿ, ಮನೆಯಿಂದ ಹತ್ತು ನಿಮಿಷ ದೂರದ ಹಳೇ ಹೋಟೆಲಿಗೆ ಹೋಗಿ, ಇನ್ನೂ ಮೂವರು ಗೆಳೆಯರ ಜೊತೆ ಕೂತು ಬೈಟು ಕಾಫಿ ಕುಡಿಯುವುದು, ತಿಂಗಳ ಮೊದಲ ವಾರವಾದರೆ ಮಸಾಲೆ ದೋಸೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಅದು ನಿಂತುಹೋಯಿತು. ಆ ವರ್ಷ ಜೂನ್ 8ಕ್ಕೆ ಹೋಟೆಲುಗಳು ತೆರೆದಾಗ ನಾನು ಬೇಡ ಅಂದೆ, ಅವರೂ ಒಪ್ಪಿದರು. ಜುಲೈ 14ರಿಂದ ಬೆಂಗಳೂರಿಗೆ ಮತ್ತೆ ಒಂದು ವಾರ ಲಾಕ್‌ಡೌನ್ ಬಂತು. 2021ರ ಜನವರಿ, ಫೆಬ್ರವರಿಯಲ್ಲಿ ಕೇಸು ಇಳಿದಿತ್ತು, ಎಲ್ಲ ಮುಗಿಯಿತು ಅಂತ ಊರೆಲ್ಲ ಅಂದುಕೊಂಡಿತ್ತು, ಅಪ್ಪ ಮತ್ತೆ ಹೋಗಲು ಶುರುಮಾಡಿದ್ದರು.

ಆಮೇಲೆ ಏಪ್ರಿಲ್. ಅದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇ 5ರಂದು ನಮ್ಮ ಊರೊಂದರಲ್ಲೇ 23 ಸಾವಿರಕ್ಕೂ ಜಾಸ್ತಿ ಹೊಸ ಕೇಸು. ರಾತ್ರಿ ಮಲಗಿದರೆ ಆಂಬ್ಯುಲೆನ್ಸ್ ಸದ್ದು, ಫೋನ್ ತೆಗೆದರೆ ಬೆಡ್ ಇದೆಯಾ, ಆಕ್ಸಿಜನ್ ಇದೆಯಾ ಅನ್ನುವ ಮೆಸೇಜು. ಆ ನಾಲ್ವರಲ್ಲಿ ಒಬ್ಬರು ಅದೇ ತಿಂಗಳು ಹೋದರು. ಅಪ್ಪನಿಗೆ ಗೊತ್ತಾದದ್ದು ವಾಟ್ಸಾಪ್‌ನಲ್ಲಿ. ಹೋಗಿ ನೋಡುವ ಹಾಗಿರಲಿಲ್ಲ. ಮೂವತ್ತು ವರ್ಷದ ಗೆಳೆತನ, ಆ ದಿನ ಅಪ್ಪ ಸ್ನಾನ ಮಾಡಿ ಬಂದು ಬಾಲ್ಕನಿಯಲ್ಲಿ ಸುಮ್ನೆ ಕೂತಿದ್ದರು.

ಅಂಥ ಎರಡು ತಿಂಗಳ ನಂತರ ಆ ಮಡಚಿದ ಪೇಪರ್ ನನ್ನ ಮುಂದೆ ಬಂದಿತ್ತು. ಅವರು ಕೇಳಿದ್ದು ಬರೀ ದೋಸೆಯಲ್ಲ ಅಂತ ನನಗೆ ಗೊತ್ತಿತ್ತು.

ಪಾರ್ಸೆಲ್ ತರಬಹುದಲ್ವಾ ಅಂತ ನೀವು ಕೇಳಬಹುದು. ತಂದಿದ್ದೆ, ಎಷ್ಟೋ ಸಲ. ಇಡ್ಲಿ, ಖಾರಾಬಾತ್, ಉದ್ದಿನವಡೆ ಹೇಗೋ ನಡೆಯುತ್ತೆ. ಮಸಾಲೆ ದೋಸೆ ನಡೆಯಲ್ಲ. ಕಲ್ಲಿನಿಂದ ಎದ್ದ ದೋಸೆಯನ್ನು ಬಿಸಿಬಿಸಿ ಮಡಚಿ ಕಟ್ಟಿದರೆ ಅದರ ಹಬೆ ಅದಕ್ಕೇ ತಾಕಿ, ಗರಿ ಹೋಗಿ, ಮನೆಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತೆ. ಅಪ್ಪ ತಟ್ಟೆ ಮುಂದೆ ಕೂತು ಪೂರ್ತಿ ತಿನ್ನುತ್ತಿದ್ದರು. ಚೆನ್ನಾಗಿದೆ ಅಂತ ಮಾತ್ರ ಒಂದು ಸಲವೂ ಹೇಳಲಿಲ್ಲ.

ನಮ್ಮ ಮನೆ ಲೆಕ್ಕ ಹೀಗಿತ್ತು. ಅಪ್ಪ, ಅಮ್ಮ ಇಬ್ಬರಿಗೂ ಕೋವಿಶೀಲ್ಡ್ ಲಸಿಕೆ ಎರಡೂ ಡೋಸ್ ಆಗಿತ್ತು. ನನಗೆ 39, ಒಂದೇ ಡೋಸ್ ಸಿಕ್ಕಿತ್ತು, ಅದೂ ಜೂನ್ ಮೊದಲ ವಾರ. ಅಮ್ಮನಿಗೆ ಹಳೇ ಅಸ್ತಮಾ. ಚಳಿಗಾಲದಲ್ಲಿ ನೆಬ್ಯುಲೈಜರ್ ಇಲ್ಲದೆ ರಾತ್ರಿ ಕಳೆಯುವುದಿಲ್ಲ. ಬೆಂಗಳೂರಿನ ದಿನದ ಕೇಸು ಸಾವಿರದ ಆಸುಪಾಸಿಗೆ ಇಳಿದಿತ್ತು, ಆದರೆ ಟಿವಿ ತುಂಬ ಆ ವಾರ ಡೆಲ್ಟಾ ಪ್ಲಸ್ ಅನ್ನುವ ಹೊಸ ರೂಪಾಂತರಿ ವೈರಸ್ಸಿನದೇ ಮಾತು. ಅಪ್ಪನ ಆಸೆಗೆ ಬೆಲೆ ಕಟ್ಟಬೇಕಾಗಿ ಬಂದರೆ ಅದನ್ನು ಕಟ್ಟುವವಳು ಮನೆಯಲ್ಲೇ ಉಳಿಯುವ ಅಮ್ಮ. ನನಗೆ ಇದೇ ಬಿಡಿಸಲಾಗದ ಗಂಟಾಗಿತ್ತು.

ಸರ್ಕಾರ ತೆರೆಯಬಹುದು ಅಂದ ಮಾತ್ರಕ್ಕೆ ನನ್ನ ಪ್ರಶ್ನೆಗೆ ಉತ್ತರ ಸಿಗಲ್ಲ. ಆ ಆದೇಶ ಇಡೀ ರಾಜ್ಯಕ್ಕೆ, ವ್ಯಾಪಾರ ನಂಬಿದ ಸಾವಿರಾರು ಜನರಿಗೆ. ಅಲ್ಲಿ ನಮ್ಮ ಅಮ್ಮನ ಶ್ವಾಸಕೋಶದ ಲೆಕ್ಕ ಇರುವುದಿಲ್ಲ, ಇರಲೂ ಸಾಧ್ಯವಿಲ್ಲ. ಅದನ್ನು ನಾನೇ ಮಾಡಬೇಕಿತ್ತು.

ಹೋಟೆಲಿನ ಬಗ್ಗೆ ನನಗೆ ತಲೆಯಲ್ಲಿ ಕೂತಿದ್ದು ಎರಡು ಘಟನೆ. ಒಂದು ಚೀನಾದ ಗ್ವಾಂಗ್‌ಝೌ ಊರಿನದು. 2020ರ ಜನವರಿ 24, ಅವರ ಹೊಸ ವರ್ಷದ ಹಿಂದಿನ ದಿನ. ಕಿಟಕಿಯಿಲ್ಲದ ಒಂದು ಎಸಿ ಹೋಟೆಲಿನಲ್ಲಿ ಒಂದರ ಪಕ್ಕ ಒಂದಿದ್ದ ಮೂರು ಟೇಬಲ್ಲಿನಲ್ಲಿ ಮೂರು ಕುಟುಂಬಗಳು ಊಟಕ್ಕೆ ಕೂತಿದ್ದವು. ಒಂದು ಕುಟುಂಬ ಈ ರೋಗ ಮೊದಲು ಕಂಡ ವುಹಾನ್‌ನಿಂದ ಬಂದದ್ದು. ಆಮೇಲೆ ಮೂರೂ ಕುಟುಂಬ ಸೇರಿ 10 ಜನರಿಗೆ ಸೋಂಕು ಕಂಡಿತು. ಒಂದೇ ಎಸಿಯ ಗಾಳಿ ಆ ಮೂರು ಟೇಬಲ್‌ಗಳ ಮೇಲೆ ಸುತ್ತುತ್ತಿತ್ತು. ವುಹಾನ್‌ನ ಕುಟುಂಬ ಅಲ್ಲಿದ್ದಾಗ ಪಕ್ಕದ ಒಂದು ಕುಟುಂಬ ಕೂತಿದ್ದದ್ದು 53 ನಿಮಿಷ, ಇನ್ನೊಂದು 73 ನಿಮಿಷ. ಎರಡನೆಯದು ದಕ್ಷಿಣ ಕೊರಿಯಾದ ಜಿಯೊಂಜು ಊರಿನದು. ಅಲ್ಲಿ ಆರೂವರೆ ಮೀಟರ್ ದೂರ ಕೂತಿದ್ದ ಹುಡುಗಿಗೆ ಬರೀ 5 ನಿಮಿಷದಲ್ಲಿ ಸೋಂಕು ತಗುಲಿತ್ತು, ಅವಳು ಎಸಿ ಗಾಳಿ ಬೀಸುವ ಸಾಲಿನಲ್ಲಿ ಕೂತಿದ್ದಳು.

ಇವನ್ನು ಓದಿದ ಮೇಲೆ ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ನನಗೆ ಅಷ್ಟು ಧೈರ್ಯ ಕೊಡಲಿಲ್ಲ. ಜ್ವರ ಬರುವ ಮೊದಲೇ ಹರಡುವ ರೋಗ ಇದು. ನೋಡಬೇಕಾದ್ದು ಗಾಳಿ. ಎಲ್ಲಿಂದ ಬರುತ್ತೆ, ಎಲ್ಲಿಂದ ಹೋಗುತ್ತೆ, ನಾವು ಎಷ್ಟು ಹೊತ್ತು ಅದರಲ್ಲಿ ಮಾಸ್ಕ್ ತೆಗೆದು ಇರ್ತೀವಿ.

ಆ ಲೆಕ್ಕದಲ್ಲಿ ನಮ್ಮ ದರ್ಶಿನಿಗಳು ಎಷ್ಟೋ ವಾಸಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಹೋಟೆಲುಗಳಿಗೆ ಮುಂಭಾಗದಲ್ಲಿ ಗೋಡೆಯೇ ಇರುವುದಿಲ್ಲ, ಟೋಕನ್ ತಗೊಂಡು ನಿಂತು ತಿಂದು ಹತ್ತು ನಿಮಿಷಕ್ಕೆ ಹೊರಡಬಹುದು. ಬೇಕಿದ್ದರೆ ತಟ್ಟೆ ಹಿಡಿದು ಮರದ ಕೆಳಗೆ ಹೋಗಬಹುದು. ಅಲ್ಲಿಗೆ ಹೋಗೋಣ ಅಂತ ಅಪ್ಪನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ನಿಂತು ತಿನ್ನೋದು ಹೊಟ್ಟೆಗೆ ಮಾತ್ರ ಪುಟ್ಟಿ. ನಾನು ಒಂದ್ಸಲ ಅಲ್ಲಿ ಹೋಗಿ ಕೂರಬೇಕು."

ಮಂಗಳವಾರ ಮತ್ತು ಬುಧವಾರ ನಾನೊಬ್ಬಳೇ ಹೋಗಿ ಆ ಹೋಟೆಲನ್ನು ನೋಡಿ ಬಂದೆ. ಬಾಡಿಗೆಗೆ ಮನೆ ನೋಡುವವರ ಹಾಗೆ. ಬೀದಿಗೆ ಎರಡು ದೊಡ್ಡ ಬಾಗಿಲು, ಎರಡೂ ತೆರೆದಿದ್ದವು. ಒಂದು ಪಕ್ಕ ಮೂರು ಕಿಟಕಿ. ಹಿಂದೆ ಅಡುಗೆಮನೆಯಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಆ ಕಡೆಗೆ ಎಳೆಯುತ್ತಿತ್ತು. ಒಂದು ಕುರ್ಚಿ ಬಿಟ್ಟು ಒಂದಕ್ಕೆ ಟೇಪ್ ಅಂಟಿಸಿದ್ದರು. ಬೆಳಗ್ಗೆ ಎಂಟೂವರೆಗೆ ಜನ ಜಾಸ್ತಿ, ಮಧ್ಯಾಹ್ನ ಊಟದ ಹೊತ್ತಿಗೂ ಹಾಗೇ. ಮೂರು ಗಂಟೆಗೆ ದೋಸೆ ಕಲ್ಲು ಕಾಯಿಸುತ್ತಾರೆ, ಆಗ ನಾಲ್ಕೈದು ಜನ ಬಿಟ್ಟರೆ ಖಾಲಿ. ಅಪ್ಪ ಮತ್ತವರ ಗೆಳೆಯರು ಕೂರುತ್ತಿದ್ದ ಟೇಬಲ್ ಮಾತ್ರ ಒಳಮೂಲೆಯಲ್ಲಿ, ಕೈತೊಳೆಯುವ ಜಾಗದ ಪಕ್ಕ. ಅಲ್ಲಿಗೆ ಗಾಳಿ ಹೋಗುತ್ತಲೇ ಇರಲಿಲ್ಲ.

ಬುಧವಾರ ರಾತ್ರಿ ಅಮ್ಮನ ಹತ್ತಿರ ಎಲ್ಲ ಹೇಳಿದೆ. ನಿನಗೆ ಬೇಡ ಅನ್ನಿಸಿದರೆ ಇಲ್ಲಿಗೇ ಬಿಡ್ತೀನಿ ಅಂದೆ, ನಿಜವಾಗಿಯೂ ಬಿಡುತ್ತಿದ್ದೆ. ಅವಳು ಬೀನ್ಸ್ ಹೆಚ್ಚುತ್ತಾ ಇದ್ದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹೋಗಿ ಬನ್ನಿ. ಬಂದ ಮೇಲೆ ಒಂದು ವಾರ ನಿಮ್ಮಪ್ಪ ಹಾಲ್‌ನಲ್ಲಿ ಮಲಗಲಿ," ಅಂದಳು. ಅಪ್ಪ ಒಪ್ಪಿದರು. ನಾನೂ ಮನೆಯೊಳಗೆ ಮಾಸ್ಕ್ ಹಾಕಿಕೊಳ್ಳುತ್ತೇನೆ ಅಂದೆ.

ಗುರುವಾರ ಮೂರೂ ಕಾಲಿಗೆ ಹೋದೆವು. ಬಾಗಿಲಲ್ಲಿ ಅಪ್ಪ ಒಂದು ಕ್ಷಣ ನಿಂತು ಒಳಮೂಲೆಯ ಆ ಟೇಬಲ್ ಕಡೆ ನೋಡಿದರು. ನಾಲ್ಕು ಕುರ್ಚಿಯಲ್ಲಿ ಎರಡಕ್ಕೆ ಟೇಪ್. ನಾನು ಏನಾದರೂ ಹೇಳುವ ಮೊದಲೇ ಅವರು ಬಾಗಿಲ ಪಕ್ಕದ ಟೇಬಲ್ಲಿಗೆ ಬಂದು, ಬೀದಿಗೆ ಮುಖ ಮಾಡಿ ಕೂತರು.

ಹಳೇ ಸಪ್ಲೈಯರ್ ಓಡಿ ಬಂದರು. ಕುಂದಾಪುರದ ಕಡೆಯವರು, ಅಪ್ಪನನ್ನು ಹದಿನೈದು ವರ್ಷದಿಂದ ಬಲ್ಲವರು. ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಗದ್ದೆ ಕೆಲಸ ಮಾಡಿಕೊಂಡಿದ್ದು ಆ ಶನಿವಾರವಷ್ಟೇ ವಾಪಸ್ ಬಂದಿದ್ದರಂತೆ.

"ಎಂತ ಸಾರ್, ಕಾಣದೆ ಎಷ್ಟು ದಿನ ಆಯ್ತು. ಬಾಕಿಯವರೆಲ್ಲ ಹುಷಾರಾ?"

ಅಪ್ಪ ಮೂರು ಬೆರಳು ತೋರಿಸಿದರು. ಅವರಿಗೆ ಅರ್ಥವಾಯಿತು. ಯಾರು ಅಂತ ಮೆಲ್ಲಗೆ ಕೇಳಿದರು, ಅಪ್ಪ ಹೇಳಿದರು. "ಸಕ್ಕರೆ ಇಲ್ಲದ್ದು ಕುಡೀತಿದ್ರಲ್ಲ, ಅವರಾ," ಅಂದು ಅವರು ಟೇಬಲ್ಲನ್ನು ಇನ್ನೊಂದು ಸಲ ಒರೆಸಿದರು, ಆಗಲೇ ಒರೆಸಿದ್ದ ಟೇಬಲ್ಲನ್ನು.

ನಿಮಗೆ ಲಸಿಕೆ ಆಯ್ತಾ ಅಂತ ಕೇಳಿದೆ. "ಒಂದು ಆಯ್ತು ಅಕ್ಕ, ಊರಲ್ಲಿ." ಬೆಳಗ್ಗೆ ಆರಕ್ಕೆ ಬಂದರೆ ಸಂಜೆ ಬಾಗಿಲು ಹಾಕುವವರೆಗೆ ಇದೇ ಒಳಗೆ. ನಾನು ಎರಡು ದಿನ ಕಿಟಕಿ ಎಣಿಸಿ, ಗಾಳಿ ನೋಡಿ, ಇಪ್ಪತ್ತು ನಿಮಿಷ ಅಂತ ಲೆಕ್ಕ ಹಾಕಿದ್ದೆ. ಮಾಸ್ಕ್ ತೆಗೆದು ತಿನ್ನುವ, ಮಾತಾಡುವ ಎಲ್ಲರ ಉಸಿರಿನ ನಡುವೆ ದಿನವಿಡೀ ಓಡಾಡುವ ಮನುಷ್ಯ ನನ್ನ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಅದನ್ನು ಬರೆಯುವಾಗ ಈಗಲೂ ನನಗೆ ಕಷ್ಟವಾಗುತ್ತೆ.

ದೋಸೆ ಬಂತು. ಅಂಚು ಕೆಂಪಗೆ, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಅಪ್ಪ ಮಾಸ್ಕ್ ತೆಗೆದು ಜೇಬಿಗೆ ಹಾಕಿ, ತುದಿಯಿಂದ ಮುರಿದರು. ಹದಿನೈದು ತಿಂಗಳಲ್ಲಿ ಆ ಸದ್ದು ಕೇಳಿದ್ದು ಎಷ್ಟು ಸಲ ಅಂತ ಬೆರಳಲ್ಲಿ ಎಣಿಸಬಹುದಿತ್ತು. ನಾನು ನನಗೆ ಅಂತ ದೋಸೆ ಹೇಳಿರಲಿಲ್ಲ, ಮಾಸ್ಕ್ ಹಾಕಿಕೊಂಡೇ ಎದುರಿಗೆ ಕೂತು ನೋಡುತ್ತಿದ್ದೆ.

ಅರ್ಧ ಆಗಿರಬೇಕು, ಏಳೆಂಟು ಜನರ ಗುಂಪು ಬಂತು. ಆಫೀಸಿನವರೋ, ಗೆಳೆಯರೋ. ತುಂಬ ದಿನದ ಮೇಲೆ ಸಿಕ್ಕ ಖುಷಿ ಅವರಿಗೆ, ಅದು ಮುಖದಲ್ಲೇ ಕಾಣುತ್ತಿತ್ತು, ಮಾಸ್ಕ್ ಯಾರ ಮುಖದಲ್ಲೂ ಇರಲಿಲ್ಲ. ನಮ್ಮ ಪಕ್ಕದ ಎರಡು ಟೇಬಲ್ ಜೋಡಿಸಿ, ಟೇಪ್ ಕಿತ್ತು, ಜೋರಾಗಿ ನಗುತ್ತಾ ಕೂತರು. ಸಪ್ಲೈಯರ್ ಹೋಗಿ ಬೇರೆ ಬೇರೆ ಕೂರಿ ಸಾರ್ ಅಂತ ಕೇಳಿಕೊಂಡರು. ಐದು ನಿಮಿಷ ಅಷ್ಟೇ ಅಂದರು ಅವರು.

ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಏಳಿ ಅಂತ ಹೇಗೆ ಹೇಳೋದು? ಇಷ್ಟು ದಿನ ಕಾದು ಬಂದವರ ತಟ್ಟೆಯಲ್ಲಿ ಇನ್ನೂ ಅರ್ಧ ದೋಸೆ, ಪಲ್ಯ ಪೂರ್ತಿ. ಹೇಳದಿದ್ದರೆ ಅಮ್ಮನಿಗೆ ಏನು ಹೇಳೋದು? ನಾನು ಅಪ್ಪನ ಮುಖವನ್ನೇ ನೋಡಿದೆ.

ಅವರು ಆ ಗುಂಪನ್ನು ಒಂದು ಸಲ ನೋಡಿದರು. ಬೈಯಲಿಲ್ಲ, ಗೊಣಗಲಿಲ್ಲ. ಎಡಗೈಯಿಂದ ಜೇಬಿನ ಮಾಸ್ಕ್ ತೆಗೆದು ಮೂಗಿಗೆ ಏರಿಸಿ, ಬಲಗೈಯಲ್ಲಿ ತಟ್ಟೆ ಎತ್ತಿಕೊಂಡು ಎದ್ದರು. "ಬಾ, ನಿಮ್ಮಮ್ಮ ಕಾಯ್ತಿರ್ತಾಳೆ," ಅಂದರು. ಹೊರಗೆ ಫುಟ್‌ಪಾತ್‌ನಲ್ಲಿ ನನ್ನ ಸ್ಕೂಟರ್ ನಿಂತಿತ್ತು. ಅದರ ಸೀಟಿನ ಮೇಲೆ ತಟ್ಟೆ ಇಟ್ಟು, ನಿಂತುಕೊಂಡೇ, ಉಳಿದ ಅರ್ಧ ದೋಸೆ ತಿಂದರು. ನಿಧಾನವಾಗಿ, ಚಟ್ನಿ ಒಂದು ಚೂರೂ ಬಿಡದೆ. ಸಣ್ಣಗೆ ಹನಿ ಬೀಳುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ.

"ಚೆನ್ನಾಗಿದೆ," ಅಂದರು.

ಸಪ್ಲೈಯರ್ ಕಾಫಿ ಹೊರಗೇ ತಂದರು. ಪೇಪರ್ ಕಪ್ಪಿನಲ್ಲಿ ಅಲ್ಲ, ಸ್ಟೀಲ್ ಲೋಟದಲ್ಲಿ, ಎರಡು. ಒಂದೇ ಕಾಫಿಯನ್ನು ಎರಡು ಮಾಡಿದ್ದು. ಒಂದನ್ನು ನನಗೆ ಕೊಟ್ಟರು. ಅಮ್ಮನಿಗೆ ನಾಲ್ಕು ಇಡ್ಲಿ ಪಾರ್ಸೆಲ್ ಹೇಳಿದ್ದನ್ನೂ ಆಗಲೇ ಕಟ್ಟಿಸಿದ್ದರು. ಆಮೇಲೆ ನಮ್ಮಿಂದ ನಾಲ್ಕು ಹೆಜ್ಜೆ ದೂರ ಹೋಗಿ, ಬೀದಿ ಕಡೆ ತಿರುಗಿ, ಒದ್ದೆಯಾಗಿದ್ದ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡರು. ಎರಡನೇ ಉಸಿರಿಗೆ ಒಳಗಿನಿಂದ ಯಾರೋ ಕೂಗಿದರು. ಅವರು ಮಾಸ್ಕ್ ಏರಿಸಿಕೊಂಡು ಒಳಗೆ ಹೋದರು.